‘ಫೈಯೆನ್ಸ್’ಗೆ ಕನ್ನಡದಲ್ಲಿ ಏನನ್ನೋಣ? ‘ಪಿಂಗಾಣಿ’ ಒಗ್ಗುತ್ತಿಲ್ಲ

ಗೆಳೆಯರೇ,

ಹಳೆಯ ಈಜಿಪ್ಟಿನ ಕೈಕೆಲಸಗಳ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಅಲ್ಲಿನ ನೀಲಿ, ಹಸಿರು ಹೊಳಪಿನ ಮಣಿ, ಬೊಂಬೆಗಳನ್ನು ಮಾಡಿದ ವಸ್ತುವಿಗೆ ಇಂಗ್ಲಿಷಿನಲ್ಲಿ ‘ಫೈಯೆನ್ಸ್’ ಅನ್ನುತ್ತಾರೆ. ಆ ಪದದ ಹತ್ತಿರ ಬಂದು ನಿಂತಿದ್ದೇನೆ. ಮೊದಲ ಕರಡಿನಲ್ಲಿ ‘ಪಿಂಗಾಣಿ’ ಎಂದು ಬರೆದಿದ್ದೆ. ಮರುದಿನ ಓದಿದಾಗ ಮನಸ್ಸು ಒಪ್ಪಲಿಲ್ಲ, ಅಳಿಸಿದೆ.

ಮೆರುಗಿರುವ ಯಾವ ಪಾತ್ರೆಗೂ ನಾವು ಈಗ ಪಿಂಗಾಣಿ ಅನ್ನುತ್ತೇವೆ, ನಿಜ. ಆದರೂ ಆ ಮಾತು ಕೇಳಿದ ಕೂಡಲೇ ಮನಸ್ಸಿಗೆ ಬರುವುದು ಸುಟ್ಟ ಮಣ್ಣು, ಅಲ್ವಾ? ಈಜಿಪ್ಟಿನ ಫೈಯೆನ್ಸ್‌ಗೆ ಜೇಡಿಮಣ್ಣು ಆಧಾರವೇ ಅಲ್ಲ. ಬೆಣಚುಕಲ್ಲನ್ನೋ ಮರಳನ್ನೋ ನುಣ್ಣಗೆ ಪುಡಿ ಮಾಡುತ್ತಿದ್ದರು. ಅದಕ್ಕೆ ಒಂದಿಷ್ಟು ಸುಣ್ಣ, ಜೊತೆಗೆ ನೇಟ್ರಾನ್ ಎಂಬ ಸೋಡಾ ಉಪ್ಪು ಇಲ್ಲವೇ ಗಿಡದ ಬೂದಿ. ನೀಲಿ, ಹಸಿರು ಬಣ್ಣಕ್ಕೆ ತಾಮ್ರ. ನೀರು ಹಾಕಿ ಕಲಸಿದ ಈ ಹಿಟ್ಟಿಗೆ ಜೇಡಿಮಣ್ಣಿನ ಜಿಗುಟು ಇರುವುದಿಲ್ಲ. ಬಗ್ಗಿಸಿದರೆ ಬಿರಿಯುತ್ತದೆ, ಅಲುಗಿಸಿದರೆ ಕುಸಿಯುತ್ತದೆ. ಕುಂಬಾರನ ತಿಗರಿಗೆ ಸುಲಭವಾಗಿ ಒಗ್ಗುವುದಿಲ್ಲ. ಅದಕ್ಕೇ ಅಚ್ಚಿಗೆ ಒತ್ತಿ ಮಾಡಿದ ಮಣಿ, ತಾಯಿತ, ಸಣ್ಣ ಬೊಂಬೆಗಳೇ ಜಾಸ್ತಿ ಸಿಗುತ್ತವೆ.

ಹಾಗಂತ ‘ಗಾಜು’ ಅನ್ನಲೂ ಆಗದು. ಗಾಜು ಪೂರ್ತಿ ಕರಗಿ ಆಗುವಂಥದ್ದು. ಇಲ್ಲಿ ಚೆನ್ನಾಗಿ ಕರಗಿ ಗಾಜಾಗುವುದು ಮೇಲಿನ ಪೊರೆ. ಒಳಗೆ ಬೆಣಚಿನ ಕಣಗಳು ಕಣಗಳಾಗಿಯೇ ಉಳಿದು ಒಂದನ್ನೊಂದು ಹಿಡಿದುಕೊಂಡಿರುತ್ತವೆ.

ಫೈಯೆನ್ಸ್ ಎಂಬ ಹೆಸರೂ ಈ ವಸ್ತುವಿನದ್ದಲ್ಲ. ಅದು ಇಟಲಿಯ ಫಯೆಂಝಾ ಊರಿನಿಂದ ಬಂದದ್ದು. ಅಲ್ಲಿಯದು ಮಣ್ಣಿನ ಪಾತ್ರೆ, ಅದರ ಮೇಲೆ ತವರ ಬೆರೆಸಿದ ಬಿಳಿ ಮೆರುಗು. ಯುರೋಪಿನವರು ಈಜಿಪ್ಟಿನ ನೀಲಿ ವಸ್ತುಗಳ ಹೊಳಪು ನೋಡಿ ಅದೇ ಹೆಸರಿಟ್ಟರು. ಈಜಿಪ್ಟಿನವರು ಮಾತ್ರ ‘ಚೆಹೆನೆತ್’ ಅನ್ನುತ್ತಿದ್ದರು. ಅಂದರೆ ಹೊಳೆಯುವಂಥದ್ದು. ಎಷ್ಟು ಚೆಂದದ ಹೆಸರು! ನಮ್ಮ ‘ಮೆರುಗು’ ಅದರ ಪಕ್ಕದಲ್ಲೇ ಇದೆ ಅನ್ನಿಸಿತು.

ಮೊದಲು ‘ಮೆರುಗುಗಲ್ಲು’ ಎಂದುಕೊಂಡೆ. ಆದರೆ ಬಳಪದ ಕಲ್ಲನ್ನು ಕೆತ್ತಿ ಅದಕ್ಕೆ ಮೆರುಗು ಕೊಡುವ ಕೆಲಸ ಈಜಿಪ್ಟಿನಲ್ಲೂ ಇತ್ತು, ಹರಪ್ಪದಲ್ಲೂ ಇತ್ತು. ಆ ಹೆಸರು ಅದಕ್ಕೇ ಸರಿ. ಹಾಗಾಗಿ ಫೈಯೆನ್ಸ್‌ಗೆ ‘ಮೆರುಗುಬೆಣಚು’ ಅನ್ನೋಣವೇ? ಯಾವುದರಿಂದ ಮಾಡಿದ್ದು, ಹೇಗೆ ಕಾಣುತ್ತದೆ, ಎರಡೂ ಅದರಲ್ಲಿ ಬರುತ್ತವೆ.

ಮೆರುಗು ಬರಿಸುವ ಬಗೆಗಳಿಗೂ ಹೆಸರು ಬೇಕು. ಒಂದು ಬಗೆಯಲ್ಲಿ ಉಪ್ಪು ಹಿಟ್ಟಿನಲ್ಲೇ ಇರುತ್ತದೆ. ಒದ್ದೆ ಗೋಡೆ ಆರುವಾಗ ಉಪ್ಪು ಹೊರಬಂದು ಬಿಳಿ ಪುಡಿ ಕೂರುತ್ತದಲ್ಲ, ಹಾಗೆಯೇ ಇಲ್ಲೂ ಮೇಲೆ ಬಂದು ಕೂರುತ್ತದೆ. ಸುಮಾರು 800ರಿಂದ 1,000 ಡಿಗ್ರಿ ಸೆಲ್ಸಿಯಸ್ ಕಾವಿಗೆ ಅದೇ ಕರಗಿ ಮೆರುಗಾಗುತ್ತದೆ. ಇದನ್ನು ‘ಒಳಮೆರುಗು’ ಎಂದು ಬರೆದಿದ್ದೇನೆ. ಇನ್ನೊಂದರಲ್ಲಿ ವಸ್ತುವನ್ನು ಮೆರುಗಿನ ಪುಡಿಯೊಳಗೆ ಹೂತಿಟ್ಟು ಸುಡುತ್ತಾರೆ. ಇರಾನಿನ ಕೋಮ್ ಊರಿನಲ್ಲಿ ಕತ್ತೆಗಳ ಕೊರಳಿಗೆ ಕಟ್ಟುವ ನೀಲಿ ಮಣಿಗಳನ್ನು ಹೀಗೇ ಮಾಡುತ್ತಿದ್ದುದನ್ನು 1960ರ ದಶಕದಲ್ಲಿ ಸಂಶೋಧಕರು ನೋಡಿ ದಾಖಲಿಸಿದರು. ಹಳೆಯ ವಸ್ತುಗಳನ್ನು ಓದುವವರಿಗೆ ಅದರಿಂದ ದೊಡ್ಡ ಸುಳಿವೇ ಸಿಕ್ಕಿತು. ಇದಕ್ಕೆ ‘ಹೂಳುಮೆರುಗು’. ಮೂರನೆಯದು, ಮೆರುಗಿನ ಪುಡಿಯನ್ನು ನೀರಲ್ಲಿ ಕಲಸಿ ಮೇಲೆ ಬಳಿಯುವುದು, ‘ಬಳಿಮೆರುಗು’.

ಸಕ್ಕಾರಾದಲ್ಲಿ ಜೋಸರ್ ದೊರೆಯ ಮೆಟ್ಟಿಲು ಪಿರಮಿಡ್ಡಿನ ನೆಲದಡಿಯ ಕೋಣೆಗಳಿಗೆ ಸುಮಾರು 36,000 ನೀಲಿ ಬಿಲ್ಲೆಗಳನ್ನು ಕೂರಿಸಿದ್ದರು. ಅವನ್ನು ‘ಪಿಂಗಾಣಿ ಟೈಲ್ಸ್’ ಅಂದರೆ ಓದುವವರಿಗೆ ಬಚ್ಚಲುಮನೆಯ ಗೋಡೆ ಕಾಣುತ್ತದೆ. ‘ಮೆರುಗುಬೆಣಚಿನ ಬಿಲ್ಲೆ’ ಅಂದರೆ ಕಣ್ಣಿಗೆ ಬೇರೆಯೇ ಏನೋ ಕಟ್ಟುತ್ತದೆಯೇ? ಅಥವಾ ‘ಫೈಯೆನ್ಸ್’ ಎಂದೇ ಉಳಿಸಿ, ಮೊದಲ ಸಲ ಬಂದಲ್ಲಿ ಬಿಡಿಸಿ ಹೇಳಿದರೆ ಸಾಕೇ? ಬೆಣಚುಕಲ್ಲಿಗೆ ನಿಮ್ಮ ಕಡೆ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.