ಮಗಳ ಕೈಯಿಂದ ಫೋನ್ ಕಿತ್ತುಕೊಂಡ್ವಿ, ಅವಳು ಊಟ ಬಿಟ್ಲು: ಏನ್ ಮಾಡೋದು ಮೇಡಂ?

ಪ್ರಶ್ನೆ (ತಾಯಿ, ನಿಟ್ಟುವಳ್ಳಿ, ದಾವಣಗೆರೆ):

ನಮಸ್ಕಾರ ಮೇಡಂ. ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಮೊದಲು ಚುರುಕಾಗಿ ಓದ್ತಿದ್ಲು. ಈಗ ಯಾವಾಗ ನೋಡಿದ್ರೂ ಇನ್‌ಸ್ಟಾಗ್ರಾಂ. ಫೋಟೊ ಹಾಕ್ತಾಳೆ, ಲೈಕ್ ಕಮ್ಮಿ ಬಂದ್ರೆ ತೆಗೆದುಬಿಡ್ತಾಳೆ. "ನಾನು ಕಪ್ಪು, ನನ್ನ ಮೂಗು ಸರಿ ಇಲ್ಲ" ಅಂತ ಅಳ್ತಾಳೆ. ರಾತ್ರಿ ಒಂದು ಗಂಟೆಗೆ ಎದ್ದು ನೋಡಿದ್ರೂ ಹೊದಿಕೆ ಒಳಗೆ ಬೆಳಕು ಕಾಣ್ತದೆ. ಹೋದ ವಾರ ನಮ್ಮನೆಯವರು ಸಿಟ್ಟಿಗೆದ್ದು ಫೋನ್ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದ್ರು. ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ, ಮಾತಾಡ್ಲಿಲ್ಲ. ಹೆದರಿ ವಾಪಸ್ ಕೊಟ್ವಿ. ಇದು ಚಟ ಆಗಿಬಿಟ್ಟಿದೆಯಾ? ಏನ್ ಮಾಡ್ಲಿ ಹೇಳ್ರಿ.

ಉತ್ತರ (ಮನೋವೈದ್ಯೆ):

ಅಮ್ಮ, ನೀವು ಬರೆದದ್ದರಲ್ಲಿ ನನ್ನ ಮನಸ್ಸಿಗೆ ಮೊದಲು ತಾಗಿದ್ದು ಆ ರಾತ್ರಿ ಒಂದು ಗಂಟೆ. 13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಒಂದಕ್ಕೆ ಮಲಗಿ ಆರಕ್ಕೆ ಏಳುವ ಮಗುವಿಗೆ ಸಿಗುವುದು ಐದೇ ಗಂಟೆ. ನಿದ್ದೆಗೆಟ್ಟ ಮಗುವಿಗೆ ಸಣ್ಣ ಮಾತೂ ಚುಚ್ಚುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ. ಆ ಬೇಸರ ಕಳೆಯಲು ಮತ್ತೆ ಫೋನನ್ನೇ ಹಿಡಿಯುತ್ತದೆ. ಅದಕ್ಕೇ ನಾನು ಚಿಕಿತ್ಸೆಯನ್ನು ನಿದ್ದೆಯಿಂದ ಶುರು ಮಾಡುತ್ತೇನೆ.

ಚಟವಾ ಎಂದು ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮ್ ಆಡುವ ಗೀಳಿಗೆ ಕಾಯಿಲೆಯ ಸ್ಥಾನವಿದೆ, ಸೋಶಿಯಲ್ ಮೀಡಿಯಾಕ್ಕೆ ಪ್ರತ್ಯೇಕವಾಗಿ ಇನ್ನೂ ಇಲ್ಲ. ಹಾಗಂತ ತೊಂದರೆಯೇ ಇಲ್ಲ ಅಂತಲ್ಲ. ದಿನಕ್ಕೆ 3 ಗಂಟೆಗಿಂತ ಹೆಚ್ಚು ಹೊತ್ತು ಇದರಲ್ಲಿರುವ ಮಕ್ಕಳಲ್ಲಿ ಖಿನ್ನತೆ, ಆತಂಕದ ಲಕ್ಷಣಗಳ ಅಪಾಯ ದುಪ್ಪಟ್ಟು ಎಂದು ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ 2023ರಲ್ಲಿ ಎಚ್ಚರಿಸಿದ್ದರು. ಆದರೆ ಮೊದಲೇ ಮನಸ್ಸು ಕುಗ್ಗಿರುವ ಮಕ್ಕಳೂ ಹೆಚ್ಚು ಹೊತ್ತು ಫೋನ್ ಹಿಡಿಯುತ್ತಾರೆ. ಗಂಟೆ ಲೆಕ್ಕ ಹಾಕಿದರೆ ಮಾತ್ರ ಸಾಲದು. ಫೋನ್ ಬಂದ ಮೇಲೆ ನಿಮ್ಮ ಮಗಳ ದಿನದಿಂದ ಏನೇನು ಹೊರಟುಹೋಯಿತು ನೋಡಿ. ಗೆಳತಿಯರ ಮನೆಗೆ ಹೋಗುತ್ತಾಳಾ? ಮೊದಲು ಇಷ್ಟಪಡುತ್ತಿದ್ದ ಆಟ, ಹಾಡು, ಚಿತ್ರ ಇನ್ನೂ ಇದೆಯಾ?

ಬೀರುವಿಗೆ ಬೀಗ ಹಾಕಿದ್ದು ನನಗೆ ಸರಿ ಕಾಣಲಿಲ್ಲ, ಯಜಮಾನರಿಗೂ ತಿಳಿಸಿ. ಈ ವಯಸ್ಸಿನಲ್ಲಿ ಗೆಳೆತನವೆಲ್ಲ ಅಲ್ಲೇ ನಡೆಯುತ್ತದೆ, ಒಂದೇ ಏಟಿಗೆ ಕಿತ್ತುಕೊಂಡರೆ ಅವಳು ಒಂಟಿಯಾಗುತ್ತಾಳೆ. ಇನ್ನೂ ದೊಡ್ಡ ಅಪಾಯವೆಂದರೆ ಬಚ್ಚಿಡುವುದನ್ನು ಕಲಿಯುತ್ತಾಳೆ. ನಾಳೆ ಯಾರೋ ಕೆಟ್ಟ ಮೆಸೇಜ್ ಕಳಿಸಿದರೆ, "ಅಪ್ಪ ಫೋನ್ ಕಿತ್ತುಕೊಳ್ತಾರೆ" ಎಂಬ ಭಯಕ್ಕೆ ನಿಮಗೆ ಹೇಳುವುದೇ ಇಲ್ಲ.

ಇವತ್ತಿನಿಂದಲೇ ರಾತ್ರಿ ಹತ್ತಕ್ಕೆ ಮನೆಯ ಎಲ್ಲ ಫೋನೂ ಹಾಲ್‌ನಲ್ಲಿ ಚಾರ್ಜಿಗೆ ಬೀಳಲಿ. ನಿಮ್ಮದು, ಯಜಮಾನರದು, ಅತ್ತೆಯವರದು ಎಲ್ಲವೂ. ಅವಳದೊಂದೇ ಇಡಿಸಿದರೆ ಅದು ಶಿಕ್ಷೆಯಾಗುತ್ತದೆ. "ಬೆಳಿಗ್ಗೆ ಅಲಾರಂ ಬೇಕು" ಅಂತಾಳೆ, ಅದಕ್ಕೊಂದು ಟೇಬಲ್ ಗಡಿಯಾರ ತನ್ನಿ. ಆಮೇಲೆ ಅವಳ ಪಕ್ಕ ಕೂತು, ಅವಳ ಕೈಯಲ್ಲೇ ಅಕೌಂಟಿನಲ್ಲಿರುವ ಹುಟ್ಟಿದ ವರ್ಷ ನೋಡಿಸಿ. ಬಹಳ ಮಕ್ಕಳು ವಯಸ್ಸು ಹೆಚ್ಚಿಗೆ ಕೊಟ್ಟಿರುತ್ತಾರೆ. ನಿಜವಾದ ವಯಸ್ಸಿದ್ದರೆ ಇನ್‌ಸ್ಟಾಗ್ರಾಂ ಅದನ್ನು ಟೀನ್ ಅಕೌಂಟ್ ಮಾಡುತ್ತದೆ. ಆಗ ಅಪರಿಚಿತರಿಗೆ ಫೋಟೊ ಕಾಣುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್ ಬಾರದು, 16 ತುಂಬುವ ತನಕ ಇದನ್ನು ಸಡಿಲಿಸಲು ನಿಮ್ಮ ಒಪ್ಪಿಗೆ ಬೇಕು. ಲೈಕ್ ಎಷ್ಟು ಎಂದು ಕಾಣದಂತೆ ಮರೆಮಾಡುವ ಸೆಟ್ಟಿಂಗ್ ಕೂಡ ಇದೆ, ಅದನ್ನು ತೋರಿಸಿ. ಒತ್ತಾಯ ಬೇಡ.

ಇನ್ನು "ಕಪ್ಪು" ಎಂಬ ಮಾತು. ಫಿಲ್ಟರ್ ಬಣ್ಣ ತಿಳಿಯಾಗಿಸಿ, ಮೂಗು ಸಣ್ಣ ಮಾಡಿ ತೋರಿಸುತ್ತದೆ. ದಿನವೂ ಅದನ್ನು ನೋಡಿದ ಮಗುವಿಗೆ ಕನ್ನಡಿಯಲ್ಲಿನ ತನ್ನ ಮುಖವೇ ಬೇಡವಾಗುತ್ತದೆ. ಆದರೆ ಈ ಮಾತು ಅವಳ ಕಿವಿಗೆ ಮೊದಲು ಬಿದ್ದದ್ದು ಫೋನಿನಿಂದಲೇ ಇರಲಿಕ್ಕಿಲ್ಲ. ದುರ್ಗಮ್ಮನ ಜಾತ್ರೆಗೆ ಬಂದ ನೆಂಟರು, ಮದುವೆ ಮನೆಯ ಹಿರಿಯರು "ಹುಡುಗಿ ಲಕ್ಷಣ, ಬಣ್ಣ ಒಂಚೂರು ಕಮ್ಮಿ" ಅನ್ನುತ್ತಾರಲ್ಲ, ಅದನ್ನು ಮಕ್ಕಳು ಮರೆಯುವುದಿಲ್ಲ. ಮುಂದಿನ ಸಲ ಯಾರಾದರೂ ಅಂದರೆ ಅವಳ ಎದುರಿಗೇ ತಡೆಯಿರಿ. ನಿಮಗೆ ಕಷ್ಟವೆಂದು ನನಗೆ ಗೊತ್ತು, ಆದರೂ ತಡೆಯಿರಿ.

ಊಟ ಬಿಟ್ಟದ್ದು ಸಿಟ್ಟಿಗೋ, ತೆಳ್ಳಗಾಗಬೇಕೆಂದೋ ಮೆಲ್ಲಗೆ ಕೇಳಿ. ಎರಡು ವಾರ ದಾಟಿದರೂ ಮಂಕಾಗಿಯೇ ಇದ್ದರೆ, ಊಟ ಕಡಿಮೆಯಾಗುತ್ತಲೇ ಹೋದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆತನ್ನಿ. ಕೈ ಕುಯ್ದುಕೊಂಡ ಗುರುತು ಕಂಡರೆ, ಸಾಯುವ ಮಾತು ಬಂದರೆ ಕಾಯಬೇಡಿ, ಅವತ್ತೇ ಬನ್ನಿ. ರಾತ್ರಿ ಹೊತ್ತಿನಲ್ಲಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ (ತಂದೆ, ಜಗಳೂರು):

ಮಗ ದಾವಣಗೆರೆ ಹಾಸ್ಟೆಲ್ನಾಗೆ ಪಿಯುಸಿ ಓದ್ತಾನ್ರಿ. ಅಲ್ಲಿ ಫೋನ್ ಕೊಡಲ್ಲ. ರಜಕ್ಕೆ ಬಂದ್ರೆ ಬೆಳಗಿಂದ ರಾತ್ರಿ ತನಕ ಅದ್ರಾಗೇ ಇರ್ತಾನೆ.

ಉತ್ತರ:

ಅಣ್ಣ, ಮೊದಲ ಒಂದೆರಡು ದಿನ ಬಿಟ್ಟುಬಿಡಿ. ತಿಂಗಳುಗಟ್ಟಲೆ ಇಲ್ಲದ್ದು ಸಿಕ್ಕಿದೆ, ಊರ ಗೆಳೆಯರ ಸುದ್ದಿಯೂ ಅದರಲ್ಲೇ ಇದೆ. ಎಷ್ಟು ಹೊತ್ತು ಎಂಬುದನ್ನು ಅವನು ಬರುವ ಮೊದಲೇ, ಅವನನ್ನೇ ಕೇಳಿ ಗೊತ್ತು ಮಾಡಿ. ಬಂದ ಮೇಲೆ ಗದರಿದರೆ ರಜೆಯೆಲ್ಲ ಜಗಳದಲ್ಲೇ ಹೋಗುತ್ತದೆ.

ಪ್ರಶ್ನೆ (ವಿದ್ಯಾರ್ಥಿನಿ, 16 ವರ್ಷ, ಅಕ್ಕನ ನಂಬರಿನಿಂದ):

ಮೇಡಂ, ನನ್ನ ಫ್ರೆಂಡ್ ಫೋಟೊನ ಯಾರೋ ಎಡಿಟ್ ಮಾಡಿ ಕೆಟ್ಟದಾಗಿ ಮಾಡಿದ್ದಾರೆ. ದುಡ್ಡು ಕೊಡದಿದ್ರೆ ಎಲ್ಲರಿಗೂ ಕಳಿಸ್ತೀನಿ ಅಂತಿದಾನೆ. ಮನೇಲಿ ಹೇಳಿದ್ರೆ ಕಾಲೇಜೇ ಬಿಡಿಸ್ತಾರೆ ಅಂತ ಅಳ್ತಿದಾಳೆ.

ಉತ್ತರ:

ನೀನು ಕೇಳಿದ್ದು ಬಹಳ ಒಳ್ಳೇದಾಯ್ತಮ್ಮ. ನಿನ್ನ ಗೆಳತಿಯದು ಒಂದು ಚೂರೂ ತಪ್ಪಿಲ್ಲ, ಈ ಮಾತನ್ನು ಮೊದಲು ಅವಳಿಗೆ ಹೇಳು. ಒಂದು ರೂಪಾಯಿಯನ್ನೂ ಕೊಡಬಾರದು. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಅವನ ಅಕೌಂಟ್ ಹೆಸರು, ಮೆಸೇಜ್, ದುಡ್ಡು ಕಳಿಸಲು ಕೊಟ್ಟ ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟ ಮೇಲೆ ಬ್ಲಾಕ್ ಮಾಡಿ.

ದೂರು ಕೊಡಲು ಸೈಬರ್ ಸಹಾಯವಾಣಿ 1930 ಇದೆ, ದಾವಣಗೆರೆಯಲ್ಲೇ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಯಿದೆ, ಮಕ್ಕಳ ಸಹಾಯವಾಣಿ 1098 ಇದೆ. 18 ತುಂಬದ ಮಕ್ಕಳ ಇಂಥ ಪ್ರಕರಣ ಪೋಕ್ಸೊ ಕಾಯ್ದೆಯಡಿ ಬಂದರೆ ಹುಡುಗಿಯ ಹೆಸರು, ಫೋಟೊ, ಕಾಲೇಜು ಪತ್ರಿಕೆಯಲ್ಲಿ ಬರುವಂತಿಲ್ಲ. ಫೋಟೊ ಹರಡದಂತೆ ತಡೆಯಲು "ಟೇಕ್ ಇಟ್ ಡೌನ್" ಎಂಬ ಉಚಿತ ವ್ಯವಸ್ಥೆಯೂ ಇದೆ. ಅದಕ್ಕೆ ಫೋಟೊವನ್ನು ಕಳಿಸಬೇಕಿಲ್ಲ, ಅದರ ಗುರುತಿನ ಸಂಕೇತ ಮಾತ್ರ ಹೋಗುತ್ತದೆ.

ಮನೆಯಲ್ಲಿ ಒಬ್ಬರಿಗಾದರೂ ಹೇಳಲೇಬೇಕು. ಅಪ್ಪ ಅಮ್ಮನ ಭಯವಿದ್ದರೆ ಅತ್ತೆ, ಚಿಕ್ಕಮ್ಮ, ನಂಬುವ ಟೀಚರ್ ಯಾರಾದರೂ ಸರಿ. ಈ ರಾತ್ರಿ ಅವಳನ್ನು ಒಂಟಿಯಾಗಿ ಬಿಡಬೇಡಿ. ಬೇಕಾದರೆ ಅವಳ ತಂದೆತಾಯಿ ಜೊತೆ ನಾನೇ ಮಾತಾಡುತ್ತೇನೆ, ಈ ಪ್ರಶ್ನೋತ್ತರ ಗುಂಪಿನಲ್ಲಿ ಹೆಸರು ಬರೆಯದೆ ನನಗೇ ನೇರವಾಗಿ ಮೆಸೇಜ್ ಹಾಕು.

ಮರುಪ್ರಶ್ನೆ (ತಾಯಿ, ನಿಟ್ಟುವಳ್ಳಿ):

ಮೇಡಂ, ಎಲ್ಲರ ಫೋನೂ ಹಾಲ್‌ನಲ್ಲಿಡಲು ನಮ್ಮನೆಯವರು ಒಪ್ಪಿದ್ರು. ಆದ್ರೆ ಸ್ಕೂಲಿನ ಹೋಂವರ್ಕ್ ವಾಟ್ಸಾಪ್‌ನಲ್ಲಿ ರಾತ್ರಿ ಹತ್ತರ ಮೇಲೆ ಬರ್ತದೆ.

ಉತ್ತರ:

ಪೋಷಕರ ಸಭೆಯಲ್ಲಿ ನಾಲ್ಕೈದು ತಾಯಂದಿರು ಸೇರಿ ಕೇಳಿ, ಏಳು ಗಂಟೆಯೊಳಗೆ ಕಳಿಸಲಿ, ಇಲ್ಲವಾದರೆ ಡೈರಿಯಲ್ಲಿ ಬರೆಸಲಿ. ಅಲ್ಲಿಯವರೆಗೆ ತಡವಾಗಿ ಬಂದದ್ದನ್ನು ನಿಮ್ಮ ಫೋನಿನಲ್ಲಿ ನೋಡಿ, ಬೆಳಿಗ್ಗೆ ಅವಳು ಎದ್ದ ಮೇಲೆ ತಿಳಿಸಿ.