ಪ್ರತಿದೀಪ್ತಿ, ಪ್ರತಿಫಲನ ಮತ್ತು ಇಂಧನದ ತುಂತುರು: ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ಡಿಪ್ಲೊಮಾ ಮೆಕ್ಯಾನಿಕಲ್ ಹುಡುಗರಿಗೆ ಕನ್ನಡದಲ್ಲಿ ನೋಟ್ಸ್ ಬರೆಯುತ್ತಿದ್ದೇನೆ. ಇಂಜೆಕ್ಟರಿನಿಂದ ಚಿಮ್ಮುವ ಇಂಧನದ ಹನಿಗಳನ್ನು ಲೇಸರ್ ಬಿಟ್ಟು ಅಳೆಯುವ ಪಾಠ. ಫ್ಲೋರೆಸೆನ್ಸ್‌ಗೆ ‘ಪ್ರತಿದೀಪ್ತಿ’ ಅಂತ ಪದ ಇದೆ, ಗೊತ್ತು. ಆದರೆ ಪಕ್ಕದಲ್ಲೇ ‘ಪ್ರತಿಫಲನ’ ಬಂದರೆ ಹುಡುಗರು ಎರಡೂ ಒಂದೇ ಅಂದುಕೊಳ್ಳುತ್ತಾರೆ. ಇಡೀ ಪಾಠ ನಿಂತಿರುವುದೇ ಆ ಎರಡು ಬೇರೆ ಅನ್ನುವುದರ ಮೇಲೆ.

ಎಥನಾಲಿಗೆ ಚೂರು ರೋಡಮಿನ್ ಬಣ್ಣ ಬೆರೆಸಿ, 532 ನ್ಯಾನೋಮೀಟರಿನ ಹಸಿರು ಲೇಸರನ್ನು ತೆಳು ಹಾಳೆಯಂತೆ ಹರಡಿ ಹನಿಗಳ ಮೇಲೆ ಬಿಡುತ್ತಾರೆ. ಹನಿಯ ಮೈಗೆ ತಾಗಿ ಚದುರಿದ ಬೆಳಕು ಹಸಿರಾಗಿಯೇ ಉಳಿಯುತ್ತದೆ. ಒಳಗಿನ ಬಣ್ಣ ಮಾತ್ರ ಹಸಿರನ್ನು ಹೀರಿ ತನ್ನದೇ ಕಿತ್ತಳೆ ಬೆಳಕು ಸೂಸುತ್ತದೆ, ಇದೇ ಫ್ಲೋರೆಸೆನ್ಸ್. ಹನಿಯ ವ್ಯಾಸ ಎರಡು ಪಟ್ಟಾದರೆ ಹಸಿರು ಸುಮಾರು ನಾಲ್ಕು ಪಟ್ಟು, ಕಿತ್ತಳೆ ಎಂಟು ಪಟ್ಟು. ಒಂದು ಮೈಯ ಲೆಕ್ಕ, ಇನ್ನೊಂದು ಒಳಗಿನ ಇಂಧನದ ಲೆಕ್ಕ. ಎರಡನ್ನೂ ಬೇರೆ ಬೇರೆ ಫಿಲ್ಟರ್ ಹಾಕಿ ಸೆರೆಹಿಡಿದು, ಕಿತ್ತಳೆ ಚಿತ್ರವನ್ನು ಹಸಿರಿನಿಂದ ಭಾಗಿಸಿದರೆ ಸೌಟರ್ ಸರಾಸರಿ ವ್ಯಾಸದ (ಹನಿಗಳ ಒಟ್ಟು ಗಾತ್ರವನ್ನು ಅವುಗಳ ಒಟ್ಟು ಮೈಗೆ ಹೋಲಿಸಿ ತೆಗೆಯುವ ಸರಾಸರಿ ಅಳತೆ) ಅಂದಾಜು ಸಿಗುತ್ತದೆ. (ಬಣ್ಣ ಜಾಸ್ತಿಯಾದರೆ ಬೆಳಕೆಲ್ಲ ಹೊರಪದರದಲ್ಲೇ ಹೀರಿಹೋಗಿ ಲೆಕ್ಕ ಕೆಡುತ್ತದೆ, ಅದು ಬೇರೆ ಮಾತು.) ಎರಡಕ್ಕೂ ಸುಮ್ನೆ ‘ಹೊಳೆಯುತ್ತದೆ’ ಅಂತ ಬರೆದರೆ ಭಾಗಿಸುವುದು ಯಾಕೆ ಅಂತಲೇ ತಿಳಿಯುವುದಿಲ್ಲ, ಅಲ್ವಾ?

ಮೊದಲನೆಯದಕ್ಕೆ ‘ಚದುರು ಬೆಳಕು’ ಸಾಕು. ಎರಡನೆಯದಕ್ಕೆ ‘ಮರುಬೆಳಕು’ ಅಂದರೆ ಮತ್ತೆ ಪ್ರತಿಫಲನದ ಕಡೆಗೇ ಎಳೆಯುತ್ತದೆ. ‘ಒಳಬೆಳಕು’ ಚೆನ್ನಾಗಿದೆ, ಆದರೆ ಶರಣರ ನಾಡಿನಲ್ಲಿ ಹಾಗಂದರೆ ಪ್ರವಚನ ಶುರುವಾಯಿತು ಅಂದುಕೊಂಡಾರು. 1852ರಲ್ಲಿ ವಿಜ್ಞಾನಿ ಸ್ಟೋಕ್ಸ್ ಕೂಡ ಫ್ಲೋರ್‌ಸ್ಪಾರ್ ಕಲ್ಲಿನ ಹೆಸರಿನಿಂದಲೇ ಪದ ಕಟ್ಟಿದ್ದು. ಹಾಗಾಗಿ ಫ್ಲೋರೆಸೆನ್ಸ್ ಅಂತಲೇ ಉಳಿಸಿಕೊಳ್ಳಲು ನನಗೆ ಮುಜುಗರವಿಲ್ಲ. ನೀವೇನಂತೀರಿ?

ಇನ್ನು ಸ್ಪ್ರೇ. ‘ಸಿಂಪರಣೆ’ ಅಂದರೆ ಇಲ್ಲಿ ತೊಗರಿಗೆ ಔಷಧ ಹೊಡೆಯುವ ಕೆಲಸ. ಹನಿಗಳ ಗುಂಪಿಗೆ ‘ತುಂತುರು’ ಸರಿ. ಡೀಸೆಲ್ ಪಂಪ್ ರಿಪೇರಿಯವರು ನಾಜಲ್ ಟೆಸ್ಟರಿನ ಹಿಡಿ ಒತ್ತಿ ನೋಡಿ, “ಸ್ಪ್ರೇ ಆಗಲ್ಲರಿ, ಬರೇ ಧಾರಿ ಬೀಳ್ತದ” ಅನ್ನುತ್ತಾರೆ. ಹನಿಯಾಗಿ ಒಡೆಯದ ಭಾಗಕ್ಕೆ ಅವರ ‘ಧಾರೆ’ಯನ್ನೇ ಇಟ್ಟುಕೊಂಡಿದ್ದೇನೆ.

ತೊಡಕು ಧಾರೆ ಹನಿಗಳಾಗಿ ಒಡೆಯುವ ಅಟಮೈಸೇಶನ್‌ದು. ಅಲ್ಲಿ ಪರಮಾಣುವನ್ನು ತರುವ ಹಾಗಿಲ್ಲ, ಹನಿಗಳು ಮೈಕ್ರೋಮೀಟರ್ ಲೆಕ್ಕದವು. ‘ಹನಿಯೊಡೆತ’ ಅಂದರೆ ದೊಡ್ಡ ಹನಿ ಒಡೆದು ಚಿಕ್ಕದಾಯಿತು ಅನ್ನಿಸುತ್ತದೆ, ಅದು ಆಮೇಲಿನ ಹಂತ. ಧಾರೆ ಒಡೆದು ಹನಿಯಾಗುವುದಕ್ಕೆ ಬೀದರ್, ಯಾದಗಿರಿ ಕಡೆ ಬಾಯಿಮಾತಿನಲ್ಲಿ ಯಾವುದಾದರೂ ಪದ ಇದೆಯಾ?