ಟೋಯಿಂಗ್ ಗಾಡಿಯವರು ಎಂಪಿ ಹತ್ರ ಏನಂತ ಕೇಳಬೇಕು?

ವಿಂಚ್_ಪೀಣ್ಯ:
ಪೀಣ್ಯದಲ್ಲಿ ನಂದು ಒಂದು ಫ್ಲಾಟ್‌ಬೆಡ್ (ಕಾರನ್ನು ಮೇಲೆ ಹೇರಿಕೊಂಡು ಹೋಗುವ ಚಪ್ಪಟೆ ಲಾರಿ), ಒಂದು ಹಳೇ ಕ್ರೇನ್ ಇದೆ. ಕೆಟ್ಟು ನಿಂತ ಗಾಡಿ ಎತ್ತುವ ಕೆಲಸ. ನೋ ಪಾರ್ಕಿಂಗ್‌ನಲ್ಲಿ ನಿಂತ ಗಾಡಿ ಎತ್ತುವ ಪೊಲೀಸ್ ಟೋಯಿಂಗ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಅದು ಬೆಂಗಳೂರಲ್ಲಿ ಫೆಬ್ರವರಿ 2022ರಲ್ಲಿ ನಿಂತಿತು, ಜನರ ಬೈಗುಳ ಮಾತ್ರ ನಮಗೂ ಪಾಲು ಬಂತು.

ತುಮಕೂರು ರಸ್ತೆ ಕಡೆಯ ಮಾಲೀಕರೆಲ್ಲ ಸೇರಿ ನಮ್ಮ ಸಂಸದರಿಗೆ ಮನವಿ ಕೊಡೋಣ ಅಂತಿದ್ದೇವೆ. ಬರೆದ ಪಟ್ಟಿ ಮದುವೆ ಸಾಮಾನಿನ ಚೀಟಿಯಷ್ಟು ಉದ್ದ ಆಗಿದೆ. ರೋಡ್ ಟ್ಯಾಕ್ಸ್ ಇಳಿಸಿ, ಯಾರ್ಡಿಗೆ ಜಾಗ ಕೊಡಿ, ಚೆಕ್‌ಪೋಸ್ಟ್ ಕಾಟ ನಿಲ್ಲಿಸಿ, ಇನ್ನೂ ಏನೇನೋ.

ನನಗೆ ದೊಡ್ಡದು ಅನ್ನಿಸೋದು ಹುಡುಗರ ಜೀವ. ರಾತ್ರಿ ನೆಲಮಂಗಲದ ಆಚೆ ಹುಡುಗ ಕಾರಿನ ಮುಂದೆ ಮಂಡಿಯೂರಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಹುಕ್ ತಿರುಗಿಸುತ್ತಿರುತ್ತಾನೆ. ಪಕ್ಕದಲ್ಲೇ ಲಾರಿ ಹೋದರೆ ಅಂಗಿ ಬೆನ್ನ ಮೇಲಕ್ಕೆ ಹಾರುತ್ತೆ. ರಿಫ್ಲೆಕ್ಟರ್ ತ್ರಿಕೋನ ಇಟ್ಟರೆ ಅದನ್ನೂ ಗುದ್ದಿಕೊಂಡು ಹೋಗುತ್ತಾರೆ. ಇದಕ್ಕೆ ದೆಹಲಿಯಲ್ಲಿ ಏನಾದರೂ ಆಗುತ್ತಾ, ಇಲ್ಲ ಎಲ್ಲಾ ವಿಧಾನಸೌಧದ್ದೇನಾ?

ಕರಿಕೋಟು:
ರೋಡ್ ಟ್ಯಾಕ್ಸ್, ಯಾರ್ಡ್ ಜಾಗ ಎರಡೂ ರಾಜ್ಯದ್ದು. ಎಂಪಿಗೆ ಕೊಟ್ಟರೆ ಕಾಫಿ ಸಿಗುತ್ತೆ ಅಷ್ಟೇ. ದೆಹಲಿಯದು 1988ರ ಮೋಟಾರು ವಾಹನ ಕಾಯ್ದೆ, 1989ರ ಕೇಂದ್ರ ನಿಯಮಗಳು. ಸೆಕ್ಷನ್ 66(3) ಓದಿ. ಕೆಟ್ಟ ಗಾಡಿ ಎಳೆಯುವ ವಾಹನಕ್ಕೆ ಪರ್ಮಿಟ್ ಬೇಡ ಅಂತ ಅಲ್ಲೇ ಇದೆ.

ಹುಡುಗರ ವಿಷಯಕ್ಕೆ ಅದೇ ಕಾಯ್ದೆಯ ಸೆಕ್ಷನ್ 194ಇ ನೋಡಿ, 2019ರ ತಿದ್ದುಪಡಿಯಲ್ಲಿ ಬಂದದ್ದು. ಆಂಬುಲೆನ್ಸ್, ಅಗ್ನಿಶಾಮಕ ಗಾಡಿ ಬರುವಾಗ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ. ಆದರೆ ಅದು ಓಡಿಬರುವ ಗಾಡಿಗೆ. ರಸ್ತೆ ಬದಿ ನಿಂತು ಕೆಲಸ ಮಾಡುವವನ ಹತ್ತಿರ ನಿಧಾನಿಸಿ ಅನ್ನೋ ಮಾತು ಅಲ್ಲಿಲ್ಲ. ಅದನ್ನು ಕೇಳಿ.

ವಿಂಚ್_ಪೀಣ್ಯ:
66(3) ಫೋಟೋ ಮೊಬೈಲಲ್ಲೇ ಇದೆ ಸರ್. ತಕರಾರೂ ಅದರದ್ದೇ. ಕಾಯ್ದೆಯಲ್ಲಿ ಇರೋದು ಕೆಟ್ಟ ಗಾಡಿ ಅಂತ. ಕ್ಲಚ್ ಹೋದ ಕಾರು ಹೇರಿಕೊಂಡು ಹೋಗ್ತಿದ್ದಾಗ ಒಬ್ಬ ಅಧಿಕಾರಿ ಫ್ಲಾಟ್‌ಬೆಡ್ ಹತ್ತಿ, ಕೀ ತಿರುಗಿಸಿ, "ನೋಡಯ್ಯ, ಸ್ಟಾರ್ಟ್ ಆಯ್ತಲ್ಲ, ಇದೆಲ್ಲಿ ಕೆಟ್ಟಿದೆ?" ಅಂದರು. ಇಂಜಿನ್ ತಿರುಗಿದ ಮಾತ್ರಕ್ಕೆ ಗಾಡಿ ಮುಂದಕ್ಕೆ ಹೋಗುತ್ತಾ? ಪರ್ಮಿಟ್ ಇಲ್ಲ ಅಂತ ದಂಡ ಕಟ್ಟಿದ್ದೇ ಬಂತು.

ಟೆನ್ನೆಸ್ಸಿ_ಕನ್ನಡಿಗ:
ಅಮೆರಿಕದಲ್ಲಿ ಟೋಯಿಂಗ್‌ನವರ ಸಂಘ ನೇರ ವಾಷಿಂಗ್ಟನ್‌ಗೇ ಹೋಗಿ ಸಂಸದರನ್ನು ಕಾಣುತ್ತೆ. 1916ರಲ್ಲಿ ಅರ್ನೆಸ್ಟ್ ಹೋಮ್ಸ್ ಮೊದಲ ಟೋ ಟ್ರಕ್ ಮಾಡಿದ ಊರು ಚಾಟನೂಗಾ. ಅಲ್ಲಿ ಟೋಯಿಂಗ್ ಮ್ಯೂಸಿಯಂ ಇದೆ, ಕೆಲಸದಲ್ಲಿ ಸತ್ತವರ ಹೆಸರಿನ ಗೋಡೆಯೂ ಇದೆ. ನಿಂತ ಗಾಡಿ ಕಂಡರೆ ಲೇನ್ ಬದಲಿಸಿ, ಇಲ್ಲ ನಿಧಾನಿಸಿ ಅನ್ನೋ ಕಾನೂನು 1996ರಲ್ಲಿ ಸೌತ್ ಕೆರೊಲಿನಾದಲ್ಲಿ ಶುರುವಾಯಿತು. ಈಗ 50 ರಾಜ್ಯಗಳಲ್ಲೂ ಇದೆ. ಎಷ್ಟೋ ಕಡೆ ಮೊದಲು ಪೊಲೀಸ್, ಆಂಬುಲೆನ್ಸ್‌ಗೆ ಮಾತ್ರ ಇತ್ತು. ಟೋಯಿಂಗ್‌ನವರು ವರ್ಷಗಟ್ಟಲೆ ಬೆನ್ನುಹತ್ತಿ ತಮ್ಮನ್ನೂ ಸೇರಿಸಿಕೊಂಡರು.

ಹಳೇ_ಪಿಎ:
ಎಂಪಿ ಕಚೇರಿಯಲ್ಲಿ ಕೆಲಸ ಮಾಡಿದವನು ನಾನು. ಹಾರ, ಶಾಲು, ಗ್ರೂಪ್ ಫೋಟೋ ಬೇಡ. ಒಂದೇ ಪುಟ ಸಾಕು. ಸೆಕ್ಷನ್ ನಂಬರ್, ಈಗಿರುವ ಸಾಲು, ಅದರ ಕೆಳಗೆ ನಿಮಗೆ ಬೇಕಾದ ಸಾಲು. ಅಧಿವೇಶನದಲ್ಲಿ ಲಿಖಿತ ಪ್ರಶ್ನೆ ಹಾಕಿಸಿ ಅಂತ ಕೇಳಿ. 15 ದಿನ ಮೊದಲೇ ನೋಟಿಸ್ ಕೊಡಬೇಕು, ಹಾಗಾಗಿ ಅಧಿವೇಶನ ಶುರುವಾದ ಮೇಲೆ ಓಡಬೇಡಿ. ಸಚಿವಾಲಯದ ಉತ್ತರ ಕಡತದಲ್ಲಿ ಉಳಿಯುತ್ತೆ, ಆಮೇಲೆ ಅದನ್ನೇ ಹಿಡಿದು ಸಂಸತ್ತಿನ ಸಾರಿಗೆ ಸ್ಥಾಯಿ ಸಮಿತಿಗೆ ಬರೆಯಬಹುದು. ಲೋಕಸಭೆಗೆ ಕನ್ನಡದಲ್ಲೇ ಅರ್ಜಿ ಹಾಕುವುದಾದರೆ ಜೊತೆಗೆ ಇಂಗ್ಲಿಷ್ ಅಥವಾ ಹಿಂದಿ ಅನುವಾದ ಇಡಬೇಕು.

ವಿಂಚ್_ಪೀಣ್ಯ:
ಹಾಗಾದ್ರೆ ಎರಡೇ ಇಟ್ಟುಕೊಳ್ಳುತ್ತೇವೆ. 66(3)ರಲ್ಲಿ ಕೆಟ್ಟ ಗಾಡಿ ಅಂದರೆ ಯಾವುದು ಅಂತ ಬಿಡಿಸಿ ಬರೆಯಲಿ, ನಿಂತು ಕೆಲಸ ಮಾಡುವವರ ಹತ್ತಿರ ನಿಧಾನಿಸುವ ನಿಯಮ ಬರಲಿ. ಟ್ಯಾಕ್ಸ್ ವಿಷಯ ಬಿಡಿ ಅಂದ್ರೆ ನಮ್ಮ ಹಿರಿಯರು ಒಪ್ಪೋದು ಕಷ್ಟ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಹೊಸೂರು ರಸ್ತೆ, ಹೆಬ್ಬಾಳ ಕಡೆಯ ಮಾಲೀಕರು ಯಾರಾದರೂ ಇದ್ದರೆ, ಕೆಲಸದಲ್ಲಿದ್ದಾಗ ಹುಡುಗರಿಗೆ ಗಾಡಿ ಗುದ್ದಿದ ಎಫ್‌ಐಆರ್ ಪ್ರತಿ ಇಟ್ಟುಕೊಂಡು ಮೆಸೇಜ್ ಮಾಡಿ. ಮನವಿ ಜೊತೆ ಲಗತ್ತಿಸಬೇಕು.